ತಿರುವಿ ಹೊಲಿದ ಚೀಲ

ಗಬ್ಬೂರು
ತಾ. ೯-೭-೧೯೭೮

ಅಣ್ಣ ಅಯ್ಯಪ್ಪಗ ತಂಗಿ ಗೋಪಮ್ಮಳ ಶರಣು.

ನಾ ಇಲ್ಲಿ ಆರಾಮ ಅದೀನಿ. ನೀನು, ಅವ್ವ ಅಲ್ಲಿ ಆರಾಮ ಇದ್ದೀರಿ ಅಂತ ತಿಳಕೊಂಡೀನಿ. ಸಾಲ್ಯಾಗ ನನಗ ಎರಡನೇತ್ತ ಕೊಟ್ಟಾರ. ಮೂವತ್ತೊಂದು ಮಕ್ಕಳು. ಅದರಾಗ ಕುರಿ ಕಾಯೋ ಕನಕರಾಯಪ್ಪನ ಮಗಳು ಬಂಡೆಮ್ಮ ಅಂತ ಒಬ್ಬಾಕಿ ಅದಾಳ, ಏಳು ವರ್ಷದಾಕಿ. ಅಕ್ಷರ ಮುತ್ತು ಪೋಣಿಸಿದಂಗ ಬರೀತಾಳ. ಬಾಡಿಗಿ ಖೋಲಿ ಸಿಕ್ಕದ. ಮೂರು ಮನ್ಯಾಗ ನಮ್ಮ ಕುಲ ಕೇಳಿ ಬಾಗಲಾ ಹಾಕ್ಕೊಂಡ್ರು. ನಾಕನೇ ಮನಿ ಮಹಬೂಬಿ ಅನ್ನೂ ಹೆಣ್ಮಗಳದು. ಗಂಡ ಇಲ್ಲ, ಮಕ್ಕಳಿಲ್ಲ. "ಟೀಚರಮ್ಮ, ಕೋಳಿ ಒಳಗ ಬಂದ್ರ ಬೈಬಾರ್ದು, ಇಷ್ಟs ಷರತ್ತು" ಅಂದ್ಳು. ರೊಟ್ಟಿನೂ ಅಕಿನೇ ಬಡದು ಕೊಡ್ತಾಳ.

ಈಗ ಒಂದು ಸೋಜಿಗದ ಮಾತು ಕೇಳು. ಹೋದ ಸಂತ್ಯಾಗ ಮಹಬೂಬಿ ಒಂದು ಚೀಲ ಜ್ವಾಳ ತಂದಳು. ಭಾಳ ಅಗ್ಗ. ಅದನ್ನ ತೊಳದ್ರ ನೀರು ನಸುಗೆಂಪು ಆಗ್ತಾವ, ಗುಲಾಲ ಕಲಿಸಿದಂಗ. ನಾಕು ನೀರು ಹಾಕಿದ ಮ್ಯಾಲೂ ಕಾಳಿನ ಹೊಟ್ಟಿಗೆ ಒಂದು ಕೆಂಪು ಗೆರಿ ಉಳೀತದ. ಊರಾಗ ಅರ್ಧ ಮಂದಿ ಇದನ್ನs ತಂದಾರ. ಜ್ವಾಳ ತೊಳದ ಮನ್ಯಾಗಿನ ಮಕ್ಕಳು ಸಾಲಿಗೆ ಬಂದಾಗ ಅಂಗೈ ನೋಡಿದ್ರ ಮದರಂಗಿ ಹಚ್ಚಿದಂಗ ಕಾಣ್ತಾವ. ಹಿರ್‍ಯಾರು, "ಹಿಂದ ಬರ ಬಿದ್ದಾಗ ಅಮೇರಿಕಾದ ಕೆಂಜ್ವಾಳ ಕೊಟ್ಟಿದ್ರಲ್ಲ, ಇದೂ ಹಂತಾದ್ದs ಇರಬೇಕು" ಅಂತಾರ. ಆದ್ರ ಆ ಜ್ವಾಳ ಹುಟ್ಟಾನs ಕೆಂಪಿತ್ತು. ಇದರ ಕೆಂಪು ಮ್ಯಾಲಿಂದು.

ನೀ ಬೀಜದ ಗೋದಾಮಿನಾಗ ಇರಾಂವ. ಜ್ವಾಳದ ಜಾತಕ ನಿನಗ ಗೊತ್ತಿರ್ತದ. ಏಳು ಕಾಳು ಕಾಗದದಾಗ ಕಟ್ಟಿ ಇದರ ಜೋಡಿ ಇಟ್ಟೀನಿ. ಇದು ಯಾವ ಜ್ವಾಳ, ಯಾರು ಬಣ್ಣ ಹಾಕಿದ್ರು, ಯಾಕ ಹಾಕಿದ್ರು, ತಿಳದಷ್ಟು ಬರಿ. ಮಕ್ಕಳು ಕೇಳಾಕತ್ತಾರ, ನನಗೂ ತಿಳಕೋಬೇಕು ಅಂತ ಆಶಾ ಆಗ್ಯದ.

ಗೋಪಮ್ಮ


ರಾಯಚೂರು
ತಾ. ೧೭-೭-೧೯೭೮

ತಂಗಿ ಗೋಪಮ್ಮಗ,

ನಿನ್ನ ಲಕೋಟಿ ಮುಟ್ಟಿತು. ಅವ್ವಗ ಓದಿ ಹೇಳಿದೆ, ಬಾಗಲಾ ಹಾಕ್ಕೊಂಡ ಮೂರು ಮನಿ ಮಾತು ಬಿಟ್ಟು. ಆ ಸಂತಿ ಜ್ವಾಳ ನೀ ಉಣಬ್ಯಾಡ. ನಾಳಿ ಸತ್ತಾರ್ ಸಾಬ್ರ ಬಸ್ಸಿನ್ಯಾಗ ಹತ್ತು ಸೇರು ಬಿಳಿಜ್ವಾಳ ಇಡ್ತೀನಿ. ಅವರು ದೇವದುರ್ಗದ ಬಸ್ಸಿನ ಕಂಡಕ್ಟರು, ಅಪ್ಪನ ದೋಸ್ತರು, ಕೈಗೇ ಮುಟ್ಟಿಸ್ತಾರ. ಮುಗಿಯಾಕ ಬಂದಾಗ ತಿಳಸು, ಮತ್ತ ಕಳಸ್ತೀನಿ. ಕಾರ್ಡಿನ್ಯಾಗ ಜಾಗ ಇಲ್ಲ.

ಅಯ್ಯಪ್ಪ


ಗಬ್ಬೂರು
ತಾ. ೩೦-೭-೧೯೭೮

ಅಣ್ಣಗ ಶರಣು.

ಬಿಳಿಜ್ವಾಳ ಮುಟ್ಟಿತು. ಸತ್ತಾರ್ ಸಾಬ್ರು ಚೀಲ ಇಳಿಸಿ, "ನಿಮ್ಮಪ್ಪ ರಾಮಲಿಂಗಪ್ಪ ಗಂಜ್ ಬಜಾರದಾಗ ಎರಡು ಚೀಲ ಒಮ್ಮಿಗೇ ಹೊರ್ತಿದ್ದ, ನಾ ಒಂದು ಇಳಸಾಕ ಒದ್ದಾಡಾಕತ್ತೀನಿ" ಅಂದ್ರು.

ಕಾರ್ಡಿನ್ಯಾಗ ಜಾಗ ಇಲ್ಲ ಅಂತ ಬರದೀ. ಕೆಳಗ ನಾಕು ಸಾಲಿನ ಜಾಗ ಖಾಲಿ ಇತ್ತು. ಇರಲಿ. ನೀ ಹೇಳಲಿಲ್ಲ, ನಾನs ಹುಡುಕಾಕ ಹತ್ತಿದೆ.

ಮೊದಲು ಸಾಲಿ ಅಂಗಳದಾಗ ಮಕ್ಕಳ ಕೈಲೆ ಇಪ್ಪತ್ತು ಕಾಳು ಊರಿಸಿದೆ. ದಿನಾ ನೀರು. ಎಂಟು ದಿನಕ್ಕ ಎರಡs ಎದ್ವು. ಅಂದ್ರ ಇದು ಸತ್ತ ಬೀಜ. ಅದs ದಿನದಿಂದ ಮಹಬೂಬಿ ಕೋಳಿಗಿ ಹತ್ತು ದಿನ ಬರೇ ಇದನ್ನs ಹಾಕಿದೆ, ತೊಳೀಲಾರದs. ಐದು ಕೋಳಿ. ಒಂದೂ ಸಾಯಲಿಲ್ಲ, ಜೋಲಿ ಹೊಡೀಲಿಲ್ಲ, ತತ್ತಿನೂ ಇಟ್ಟವು. ಹನ್ನೊಂದನೇ ದಿನ ಓಣಿ ಮಂದಿ ಮುಂದ ಹೇಳಿದೆ: "ಬಣ್ಣ ಅಷ್ಟs ಅದ. ಐದಾರು ನೀರು ತೊಳದು ಉಣ್ರಿ, ಏನೂ ಆಗಂಗಿಲ್ಲ." ಟೀಚರು ಪರೀಕ್ಷಾ ಮಾಡಿ ಹೇಳ್ಯಾರ ಅಂತ ಎಲ್ಲಾರಿಗೂ ಧೈರ್ಯ ಬಂತು. ಕನಕರಾಯಪ್ಪ ಹೋಗಿ ಇನ್ನೊಂದು ಚೀಲ ತಂದ.

ನೀ ಯಾಕ ಬ್ಯಾಡ ಅಂದಿ ಅಂತ ಈಗ ತಿಳೀತು. ಸರಕಾರಿ ಟೀಚರು ಅಗ್ಗದ ಜ್ವಾಳ ತಿಂದ್ರ ಮರ್ಯಾದಿ ಅಲ್ಲ ಅಂತಲ್ಲ? ನಾವು ಹಳಸಿದ್ದು ತಿಂದು ಬೆಳದವರು ಅಣ್ಣ. ನನಗ ಹಂತಾ ನಾಚಿಕಿ ಇಲ್ಲ. ಆದ್ರೂ ನೀ ಕಳಿಸಿದ್ದಂತ ಬಿಳಿಜ್ವಾಳನs ಉಣ್ಣಾಕತ್ತೀನಿ. ಮಹಬೂಬಿ ಎರಡು ಹಿಟ್ಟು ಬ್ಯಾರೆ ಬ್ಯಾರೆ ಇಟ್ಟಾಳ. ಒಂದs ಒಲಿ, ಎರಡು ನಮೂನಿ ರೊಟ್ಟಿ. ಅದು ಮಾತ್ರ ನನಗ ಸರಿ ಅನಸವಲ್ದು.

ಗೋಪಮ್ಮ


ರಾಯಚೂರು
ತಾ. ೨೮-೮-೧೯೭೮

ತಂಗಿ ಗೋಪಮ್ಮಗ,

ತಿಂಗಳ ಮ್ಯಾಲಾತು ನಿನಗ ಬರೀಲಾರದ. ಕೆಲಸ ಭಾಳ. ಹಿಂಗಾರಿ ಬೀಜ ಬರಾಕ ಹತ್ಯಾವ. ನನಗ ಸ್ಟೋರ್ ಸೂಪರವೈಜರ್ ಮಾಡ್ಯಾರ. ಕುರ್ಚಿ, ಮೇಜು, ಬೀಗದ ಗೊಂಚಲು ಕೊಟ್ಟಾರ. ಅವ್ವ ಬಂದು ಬಾಗಲದಾಗ ನಿಂತು ನೋಡಿ ಹೋದ್ಳು. ಅಪ್ಪ ಚೀಲ ಹೊತ್ತ ಗಂಜಿನ ಎದುರಿಗೇ ಮಗ ಕುರ್ಚಿ ಮ್ಯಾಲ ಕುಂತಾನಂತ ಓಣಿಗೆಲ್ಲ ಹೇಳ್ಯಾಳ. ಅಕಿ ಕೆಮ್ಮು ಈಗ ಕಡಿಮಿ. ಮಳಿ ಚಲೋ ಅದ. ನಿನ್ನ ಕೆಲಸ ಕಾಯಂ ಆಗೂಮಟ ಯಾರ ಜೋಡಿನೂ ತಕರಾರು ಮಾಡ್ಕೋಬ್ಯಾಡ.

ಕೋಳಿ ಸಾಕ್ಷಿ ನಂಬಬ್ಯಾಡ. ಮಹಬೂಬಿಗೂ ಆ ಜ್ವಾಳ ಬ್ಯಾಡ ಅನ್ನು. ಯಾಕಂತ ಕೇಳಬ್ಯಾಡ.

ಅಯ್ಯಪ್ಪ


ಗಬ್ಬೂರು
ತಾ. ೧೧-೯-೧೯೭೮

ಅಣ್ಣಗ ಶರಣು.

ಸೂಪರವೈಜರ್ ಆಗಿದ್ದು ಓದಿ ಭಾಳ ಸಂತೋಷ ಆತು.

ನೀ ಹೇಳಿದಂಗ ಮಹಬೂಬಿಗೆ ಹೇಳಿದೆ. "ಯಾಕ್ರಿ ಟೀಚರಮ್ಮ?" ಅಂದ್ಳು. ಅಣ್ಣ ಹಂಗ ಬರದಾನ ಅಂದೆ. "ಆವಾಗ ಉಣ್ಣು ಅಂದ್ರಿ, ಈಗ ಬ್ಯಾಡ ಅಂತೀರಿ. ಚೀಲದಾಗ ಇನ್ನಾ ಅರ್ಧ ಅದ, ಇದನ್ನ ಚೆಲ್ಲಿ ನಾ ಏನು ಉಣ್ಣಲಿ?" ಅಂದ್ಳು. ಕಾರಣ ಇಲ್ಲದ ಮಾತು ಯಾರು ಕೇಳ್ತಾರ ಅಣ್ಣ? ಹಸದವರಿಗಂತೂ ಕಾರಣ ಬೇಕs ಬೇಕು.

ನಿನ್ನೆ ಆ ಚೀಲದಾಗಿನ ಕಾಳು ಚಾಪಿ ಮ್ಯಾಲ ಸುರದು, ಚೀಲ ಝಾಡಸಾಕ ಒಳಮಗ್ಗಲು ಮಾಡಿದ್ಳು. ಒಳಗ ಅಚ್ಚು ಹಾಕಿದ ಅಕ್ಷರ ಕಂಡ್ವು. ಚೀಲ ಪೂರಾ ತಿರುವಿ, ಬಾಯಿ ಹೊಸಾ ಸುತಳಿಲೆ ಹೊಲದಾರ. ಒಳಗ ಒಂದು ತಲಿಬುರುಡಿ, ಎರಡು ಎಲುವು. ಕೆಳಗ ಇಂಗ್ಲಿಷಿನ್ಯಾಗ, ಇದು ಔಷಧಿ ಹಚ್ಚಿದ ಬೀಜ, ಮನುಷ್ಯರು ದನಕರು ತಿನ್ನಬಾರದು, ಅಂತ. ನನಗ ಓದಾಕ ಬಂತು. ಮಹಬೂಬಿಗೆ ಅಕ್ಷರ ಹೊರಗ ಇದ್ರೂ ಓದಾಕ ಬರ್ತಿದ್ದಿಲ್ಲ. ಆದ್ರ ತಲಿಬುರುಡಿಗೆ ಸಾಲಿ ಬೇಕಾಗಂಗಿಲ್ಲ. ಅದನ್ನ ಮುಚ್ಚಾಕ ಚೀಲ ತಿರುವಿರಬೇಕು.

ಔಷಧಿ ಹೆಸರು ಇದ್ದ ಸಾಲು ನೀರು ಹತ್ತಿ ಅಳಸ್ಯದ. ಆದ್ರ ಮೂಲ್ಯಾಗ ನವಿಲಿನ ಮುದ್ರಿ ಅದ. ನೀ ಕಳಿಸಿದ ನಿಮ್ಮ ಕಂಪನಿ ಕ್ಯಾಲೆಂಡರಿನ ಮ್ಯಾಲಿದ್ದ ನವಿಲು ಇದs. ಕೆಳಗ ರಾಯಚೂರು ಅಂತ ಅದ.

ನಾ ಸುತ್ತು ಬಳಸಿ ಕೇಳಂಗಿಲ್ಲ. ಇದು ನಿಮ್ಮ ಗೋದಾಮಿಂದ ಬಂದದ್ದೇನು? ಬಣ್ಣ ಹಾಕಿದವರಿಗೆ, ಯಾರರೆ ತಿಂದಾರು ಅನ್ನೂ ಅಂಜಿಕಿ ಇತ್ತು, ಅದಕ್ಕs ಬಣ್ಣ ಹಾಕ್ಯಾರ. ಹಂಗಾದ್ರ ಎಚ್ಚರಿಕಿ ಮಾತು ಕನ್ನಡದಾಗ ಯಾಕ ಇಲ್ಲ? ತೊಳದ್ರ ಬಣ್ಣ ಹೋಗ್ತದ, ಔಷಧಿನೂ ಹೋಗ್ತದೇನು?

ಇನ್ನೊಂದು. ಬಂಡೆಮ್ಮಳ ಅಕ್ಷರ ಹದಿನೈದು ದಿನದಿಂದ ಕೆಟ್ಟಾವ. ಪಾಟಿ ಮ್ಯಾಲ ಗೆರಿ ಇರಿವಿ ಹರದಂಗ ಹರದಾಡ್ತಾವ. ಮೈಗಳ್ಳತನ ಅಂತ ಮೊನ್ನೆ ಬೈದೆ. "ಬಳಪ ಕೈಗೆ ತಿಳೀವಲ್ದ್ರೀ" ಅಂದ್ಳು. ಅದೆಂಥಾ ಮಾತೋ ನನಗ ಅರ್ಥ ಆಗಲಿಲ್ಲ.

ಗೋಪಮ್ಮ


ರಾಯಚೂರು
ತಾ. ೧೮-೯-೧೯೭೮

ಗೋಪಮ್ಮಗ,

ನಿನ್ನ ಪತ್ರ ನಾ ಅವ್ವಗ ಓದಿ ಹೇಳಿಲ್ಲ.

ಕೇಳಿದ್ದಕ್ಕ ಹೇಳ್ತೀನಿ. ಹೋದ ವರ್ಷದ ಹೈಬ್ರಿಡ್ ಜ್ವಾಳದ ಬೀಜ ಉಳೀತು. ಮೊಳಕಿ ಪರೀಕ್ಷಾದಾಗ ನಪಾಸಾತು. ಹಂತಾ ಮಾಲು ಬೀಜ ಅಂತ ಮಾರಾಕ ಬರಂಗಿಲ್ಲ. ಕಂಪನಿಯವರು ಅದನ್ನ ಬಟ್ಟಿಗೆ ಗಂಜಿ ಮಾಡೂ ಕಾರಖಾನಿಯವರಿಗೆ ಕೊಟ್ಟಾರ. ಕಾಗದ ಪತ್ರ ಎಲ್ಲ ಬರೋಬರಿ ಅದಾವ. ಗೇಟ್ ದಾಟಿದ ಮ್ಯಾಲ ಕೊಂಡವರು ಏನು ಮಾಡಿದ್ರು ಅನ್ನೂದು ನಮಗ ಸಂಬಂಧ ಇಲ್ಲ. ತೊಳದ್ರ ನಡೀತದ ಅಂತ ಮ್ಯಾನೇಜರ್ ಸಾಹೇಬ್ರು ಅಂತಾರ. ಅವರು ಓದಿದವರು.

ನೀನೂ ವಿಚಾರ ಮಾಡು. ನೂರಾರು ಚೀಲ ಕಾಳು ಕುಣಿ ತೋಡಿ ಹುಗಿಬೇಕಂತ ಕಾನೂನು ಹೇಳ್ತದ. ಊರಾಗ ಮಂದಿ ಅರ್ಧ ರೊಟ್ಟಿ ಉಂಡು ಮಲಗೂ ದಿನದಾಗ ಕಾಳು ಮಣ್ಣಾಗ ಮುಚ್ಚೂದು ಯಾವ ಧರ್ಮ? ಸಣ್ಣವರಿದ್ದಾಗ ಅಪ್ಪ ಗಂಜಿನ ನೆಲಾ ಉಡುಗಿ ತಂದ ಕಾಳು, ಕಲ್ಲು ಹುಳ ಆರಿಸಿ ಅವ್ವ ಬೀಸ್ತಿದ್ಳು. ಅದಕ್ಕೇನು ಔಷಧಿ ಬಿದ್ದಿದ್ದಿಲ್ಲೇನು? ನಾವು ಸತ್ತೀವೇನು?

ನೀ ಟೀಚರಕಿ ಮಾಡು. ಪಾಟಿ ಮ್ಯಾಲ ಗೆರಿ ಸೊಟ್ಟ ಆದ್ರ ಜ್ವಾಳದ ಮ್ಯಾಲ ಹಾಕಬ್ಯಾಡ. ಆ ಚೀಲ ಸುಟ್ಟುಬಿಡು.

ಅಯ್ಯಪ್ಪ


ದೇವದುರ್ಗ, ದವಾಖಾನಿ
ತಾ. ೨೪-೯-೧೯೭೮, ಸತ್ತಾರ್ ಸಾಬ್ರ ಕೈಲೆ

ಅಣ್ಣ,

ಬಂಡೆಮ್ಮಗ ನಡಿಯಾಕ ಬರವಲ್ದು. ಕುಡದವರಂಗ ಕಾಲು ಹಾಕ್ತಾಳ. ತುಟಿ, ಕೈಬಳ್ಳು ಜೋಮು ಹಿಡದಾವ. ಮಾತು ತೊದಲ್ತಾವ. ಕನಕರಾಯಪ್ಪ ಹೊತಗೊಂಡು ಬಸ್ಸಿಗೆ ಬಂದ, ನಾನೂ ಬಂದೀನಿ. ಊರಾಗ ಇನ್ನಾ ಆರು ಮಂದಿಗೆ ಬಳ್ಳು ಜೋಮು ಅದ. ಅದರಾಗ ಮಹಬೂಬಿ ಒಬ್ಬಾಕಿ.

ಚೀಲ ಸುಟ್ಟಿಲ್ಲ. ಡಾಕ್ಟರ್ ಮುಂದ ಹಾಸೀನಿ. ಅವರು ಒಂದs ಮಾತು ಕೇಳಾಕತ್ತಾರ: "ಬೀಜಕ್ಕೆ ಯಾವ ಔಷಧ ಹಚ್ಚಿದ್ದು? ಹೆಸರು ಗೊತ್ತಾಗದೆ ನಾನು ಏನಂತ ಉಪಚಾರ ಮಾಡಲಿ?"

ಹೆಸರು ನಿನಗ ಗೊತ್ತದ. ಸತ್ತಾರ್ ಸಾಬ್ರು ರಾಯಚೂರಿನ್ಯಾಗ ನಿನ್ನ ಜವಾಬಿಗೆ ಕಾಯ್ತಾರ. ಬ್ಯಾರೆ ಏನೂ ಬರೀಬ್ಯಾಡ, ಹೆಸರು ಬರಿ.

ಗೋಪಮ್ಮ


ರಾಯಚೂರು
ತಾ. ೨೫-೯-೧೯೭೮, ಸತ್ತಾರ್ ಸಾಬ್ರ ಕೈಲೆ

ಗೋಪಮ್ಮ,

ಡಬ್ಬಿ ಮ್ಯಾಲಿನ ಚೀಟಿನs ಕಿತ್ತು ಇದರಾಗ ಇಟ್ಟೀನಿ. ಡಾಕ್ಟರಿಗೆ ಕೊಡು. ಪಾದರಸ ಕೂಡಿಸಿದ ಪುಡಿ ಅದು, ಬೀಜಕ್ಕ ಬೂಸರ ಹತ್ತಬಾರದಂತ ಹಚ್ಚತಾರ. ಬಣ್ಣ ತೊಳದ್ರ ಹೋಗ್ತದ. ಪಾದರಸ ಪೂರಾ ಹೋಗಂಗಿಲ್ಲ. ಇದು ತಿಂದ ಕೂಡ್ಲೆ ಕೊಲ್ಲೂದಲ್ಲ, ವಾರಗಟ್ಲೆ ಮೈಯಾಗ ಕೂಡಿ ಆಮ್ಯಾಲ ತೋರಸ್ತದ. ಅದಕ್ಕs ನಿನ್ನ ಕೋಳಿ ಹತ್ತು ದಿನಕ್ಕ ಸಾಯಲಿಲ್ಲ.

ಇದೆಲ್ಲ ನನಗ ಮೊದಲs ಗೊತ್ತಿತ್ತು. ಕಂಪನಿಯವರು ಎರಡು ವರ್ಷದ ಹಿಂದ ಮೂರು ದಿನ ತರಬೇತಿ ಕೊಟ್ಟಿದ್ರು. ನಿನ್ನ ಏಳು ಕಾಳು ಮೇಜಿನ ಮ್ಯಾಲ ಇಟ್ಟಾಗs ಗುರುತು ಸಿಕ್ಕಿತು. ನೀ ಒಬ್ಬಾಕಿ ಉಣ್ಣದಿದ್ರ ಸಾಕು ಅಂತ ಬಿಳಿಜ್ವಾಳ ಕಳಿಸಿದೆ.

ಇನ್ನೊಂದು ಹೇಳಬೇಕು. ಚೀಲ ತಿರುವಿ ಹೊಲಿಸಿದಾಂವ ನಾನs. ಮೇ ತಿಂಗಳದಾಗ ಮ್ಯಾನೇಜರ್ ಕರದು, "ಗಂಜಿ ಕಾರಖಾನಿಗೆ ಮುದ್ರಿ ಕಾಣೂ ಚೀಲ ಬ್ಯಾಡ, ತಿರುವಿ ಹೊಲಸು" ಅಂದ್ರು. ಗಂಜಿ ಮಾಡಾವರಿಗೆ ಮುದ್ರಿ ಕಂಡ್ರ ಏನಾತು ಅಂತ ನಾ ಕೇಳಲಿಲ್ಲ. ಕೇಳಿದ್ರ ಜವಾಬ ಸಿಗ್ತದಂತ ಅಂಜಿದೆ. ಆರು ಮಂದಿ ಹೆಣ್ಮಕ್ಕಳನ್ನ ಕುಂದ್ರಿಸಿದೆ. ಪಕೀರಮ್ಮ ಅಂತ ಒಬ್ಬಾಕಿ, "ಯಪ್ಪಾ, ಇದರ ಮ್ಯಾಲ ತಲಿಬುರುಡಿ ಯಾಕ ಬರದಾರ?" ಅಂದ್ಳು. "ಅದು ಕಂಪನಿ ಮುದ್ರಿ, ನೀ ಹೊಲಿ" ಅಂದೆ. ಮೂರು ತಿಂಗಳದಾಗ ಸೂಪರವೈಜರ್ ಆದೆ. ಇದಕ್ಕs ಆದ್ನೋ, ಸುಮ್ನೆ ಆದ್ನೋ, ನನಗ ಗೊತ್ತಿಲ್ಲ.

ಯಾರು ಹೆಸರು ಕೊಟ್ರು ಅಂತ ಡಾಕ್ಟರ್ ಕೇಳಿದ್ರ ಹೇಳಬ್ಯಾಡ ಅಂತ ಬರದಿದ್ದೆ. ಆ ಹಾಳಿ ಹರದು ಇದನ್ನ ಬರದೀನಿ. ಕೇಳಿದ್ರ ಹೇಳು.

ಅಯ್ಯಪ್ಪ


ಗಬ್ಬೂರು
ತಾ. ೯-೧೦-೧೯೭೮

ಅಣ್ಣಗ,

ಚೀಟಿ ಓದಿ ಡಾಕ್ಟರು ತಲಿ ಮ್ಯಾಲ ಕೈ ಇಟ್ಕೊಂಡ್ರು. ಇದಕ್ಕ ಪೂರಾ ಇಳಸೂ ಮದ್ದು ಇಲ್ಲಂತ. ಆದ್ರ ಹೆಸರು ಸಿಕ್ಕದ್ದಕ್ಕ ಒಂದು ಉಪಕಾರ ಆತು: ಅದs ದಿವಸ ಊರಿಗೆ ಜೀಪು ಬಂತು. ಮನಿ ಮನಿ ಹೊಕ್ಕು ಆ ಜ್ವಾಳ ಹೊರಗ ತಗಸಿದ್ರು. ಉಣ್ಣೂದು ಬಿಟ್ಟ ಮ್ಯಾಲ ಮಹಬೂಬಿ ಬಳ್ಳಿಗೆ ಮುಟ್ಟಿದ್ದು ಸ್ವಲ್ಪ ತಿಳಿಯಾಕ ಹತ್ಯದ. ಬಂಡೆಮ್ಮ ಹನ್ನೆರಡು ದಿನಕ್ಕ ಗ್ವಾಡಿ ಹಿಡಕೊಂಡು ನಾಕು ಹೆಜ್ಜಿ ಹಾಕಿದ್ಳು.

ಜ್ವಾಳ ತಗಸೂದು ಸಸಾರ ಆಗಲಿಲ್ಲ. ಬಾಲಮ್ಮ ಅನ್ನೂ ಮುದುಕಿ ಚೀಲದ ಮ್ಯಾಲ ಕುಂತಬಿಟ್ಳು. "ಇದನ್ನ ಒಯ್ತೀರಿ, ಬದಲಿಗೆ ಏನು ಕೊಡ್ತೀರಿ?" ಅಂದ್ಳು. ಬಂದ ಅಧಿಕಾರಿ, "ಅಮ್ಮಾ, ಇದು ವಿಷ" ಅಂದ್ರು. "ವಿಷ ನಾಳಿಗೆ ಕೊಲ್ತದ, ಹಸಿವಿ ಇವತ್ತs ಕೊಲ್ತದ" ಅಂದ್ಳು ಬಾಲಮ್ಮ. ನೀ ಬರದಿದ್ದ ಮಾತs ಅದು, ಆದ್ರ ಅಕಿ ಬಾಯಾಗ ಅದು ಖರೆ ಅನಸ್ತು. ನೀ ಕುರ್ಚಿ ಮ್ಯಾಲ ಕುಂತು ಬರದಾಗ ಅನಸಿರಲಿಲ್ಲ. ಕಡಿಗೆ ಕಂಟ್ರೋಲ್ ಅಂಗಡಿಯಿಂದ ಮನಿಗೆ ಇಷ್ಟು ಅಂತ ಗೋದಿ ಕೊಡಸ್ತೀವಿ ಅಂತ ಬರದು ಕೊಟ್ಟ ಮ್ಯಾಲ ಎದ್ದಳು. ಗೋದಿ ಎಂಟು ದಿನ ತಡಾ ಬಂತು. ಆ ಎಂಟು ದಿನ ಉಳ್ಳವರ ಮನ್ಯಾಗಿಂದ ಸೇರು ಅರ್ಧಸೇರು ಕೂಡಿಸಿ ಸಾಲ್ಯಾಗs ಗಂಜಿ ಕಾಸಿದ್ವಿ. ನನಗ ಬಾಗಲಾ ಹಾಕಿದ ಮೂರು ಮನ್ಯಾಗ ಎರಡು ಮನಿಯವರು ಕಾಳು ಕೊಟ್ರು. ಒಂದು ಮನಿಯವರು ಕೊಡಲಿಲ್ಲ.

ಸಾಲಿ ಕಟ್ಟಿ ಮ್ಯಾಲ ನಿಂತು ಎಲ್ಲಾರ ಮುಂದ ಹೇಳಿದೆ. "ಕೋಳಿ ನೋಡಿ ಉಣ್ರಿ ಅಂದಾಕಿ ನಾನು. ತಪ್ಪು ನಂದು." ಯಾರೂ ಬೈಲಿಲ್ಲ. ಬೈದಿದ್ರ ಹಗುರ ಆಗ್ತಿತ್ತು. ನಿನ್ನ ಮ್ಯಾಲ ಸಿಟ್ಟು ಅದ ಅಣ್ಣ. ಆದ್ರ ನಿನಗ ಬೈಯಾಕ ಬಾಯಿ ತಗದಾಗೆಲ್ಲ ಬಂಡೆಮ್ಮಗ ಮೈಗಳ್ಳಿ ಅಂದದ್ದು ನೆನಪಾಗ್ತದ.

ಈಗ ಹೇಳು. ಉಳದ ಚೀಲ ಎಲ್ಲಿ ಹೋಗ್ಯಾವ? ಗಬ್ಬೂರಿಗೆ ಬಂದದ್ದು ಭಾಳಂದ್ರ ಮೂವತ್ತು. ನೀ ನೂರಾರು ಅಂತ ಬರದಿದ್ದಿ.

ಗೋಪಮ್ಮ


ಸಿರವಾರ
ತಾ. ೨೦-೧೦-೧೯೭೮

ಗೋಪಮ್ಮ,

ನಿನ್ನ ಪತ್ರ ಬಂದ ಮೂರು ದಿನ ಏನೂ ಮಾಡಲಿಲ್ಲ. ನಾಕನೇ ದಿನ ಅವ್ವಗ ನಿನ್ನ ಎಲ್ಲ ಪತ್ರ ಓದಿ ಹೇಳಿದೆ, ಏನೂ ಬಿಡಲಾರದ. ಅಕಿ ಕೇಳಿ, "ನಿಮ್ಮಪ್ಪ ಓದಾಕ ಬರಲಾರದ ಎಲ್ಲಾ ಚೀಲನೂ ಒಂದs ಅಂತ ಹೊತ್ತ. ನಿನಗ ಯಾಕ ಸಾಲಿ ಕಲಿಸಿದ?" ಅಂದು ಒಳಗ ಹೋದ್ಳು. ಆವತ್ತು ಜ್ವಾಳದ ರೊಟ್ಟಿ ಮಾಡಲಿಲ್ಲ.

ಲಾರಿ ಹೇರಿದ ಹಮಾಲರನ್ನ ಕೇಳಿದೆ, ಉಳದ ಮಾಲು ಸಿರವಾರಕ್ಕ ಬಂದದ. ಇಲ್ಲಿಂದ ಮಾನ್ವಿ ಸೀಮಿ ಹಳ್ಳಿಗೆ ಹೋಗೂದಿತ್ತು. ರಜಾ ಹಾಕಿ ಬಂದೆ. ಕೊಂಡವರು ಅಬ್ದುಲ್ ವಹೀದ್ ಅನ್ನೂ ಕಾಳಿನ ಯಾಪಾರಿ. ಭತ್ತದ ಕೊಯ್ಲಿಗೆ ಕೂಲಿ ಬರೂ ಮಂದಿ ಅಗ್ಗದ ಜ್ವಾಳ ಕೇಳ್ತಾರಂತ ತಗೊಂಡಾರ. ನಾ ಹೋದಾಗ ಹಿತ್ತಲದಾಗ ಜ್ವಾಳ ತೊಳದು ಜಮಖಾನಿ ಮ್ಯಾಲ ಒಣಗಸಾಕತ್ತಿದ್ರು. ಅವರ ಹೆಂಡತಿ ಸುಗ್ರಾ ಬೇಗಂ ಕೈ ಮುಣಕೈ ಮಟ ಕೆಂಪಾಗಿದ್ವು.

ವಿಷ ಅಂದೆ. ವಹೀದ್ ಸಾಬ್ರು ನಕ್ಕರು. "ಈ ಮಾಲು ನನ್ನ ಕಡಿಂದ ಬಿಡಿಸಿ ಬ್ಯಾರೆದವರಿಗೆ ಮಾರಸಾಕ ಬಂದೀಯೇನು? ನಮಗ ಕೊಟ್ಟವರು ನೀರು ಹತ್ತಿದ ಜ್ವಾಳ ಅಂದಾರ" ಅಂದ್ರು. ನಾ ಒಂದು ಚೀಲ ಅಲ್ಲೇ ಬಿಚ್ಚಿ ತಿರುವಿ ತೋರಿಸಿದೆ. ಸುಗ್ರಾ ಬೇಗಂ ಎದ್ದು ಹೋಗಿ ಕೈ ತೊಳದು ಬಂದು, "ನಮ್ಮ ಮನ್ಯಾಗೂ ಇದನ್ನs ಬೀಸೀವಿ" ಅಂದ್ಳು.

ಆಮ್ಯಾಲ ವಹೀದ್ ಸಾಬ್ರು ಕೇಳಿದ್ರು: "ಇದನ್ನ ನಾ ಮಾರಂಗಿಲ್ಲ. ಆದ್ರ ನನಗ ಮಾರಿದವರು ನಾಳಿ, ನಾವು ಹಂಗ ಹೇಳಿಲ್ಲ ಅಂತಾರ. ನೀ ಇವತ್ತು ಹೇಳಿದ್ದು ಬರದು ಸಹಿ ಹಾಕ್ತೀಯೇನು?"

ಅವ್ವ ಬಂದು ನೋಡಿ ಹೋದ ಕುರ್ಚಿ ಕಣ್ಣ ಮುಂದ ಬಂತು. ಬರದು ಕೊಟ್ಟೆ. ಯಾವ ಲಾಟು, ಯಾವ ಔಷಧಿ, ಚೀಲ ಯಾರು ತಿರುವಿಸಿದ್ರು, ಯಾರ ಮಾತಿಗೆ ತಿರುವಿಸಿದ್ರು, ಎಲ್ಲ. ಕೆಳಗ ಅಯ್ಯಪ್ಪ ತಂದಿ ರಾಮಲಿಂಗಪ್ಪ ಅಂತ ಸಹಿ ಮಾಡಿದೆ. ಇನ್ನೊಂದು ಪ್ರತಿ ಮಾನ್ವಿ ತಾಲೂಕ ಕಚೇರ್‍ಯಾಗ ಕೊಟ್ಟು ಸಿಕ್ಕಾ ಹಾಕಿಸಿಕೊಂಡೆ. ಕಚೇರಿಯವರು ಬಂದು ಚೀಲ ಎಣಿಸಿದ್ರ ಎಂಬತ್ತನಾಲ್ಕು. ಊರ ಹೊರಗ ಕುಣಿ ತೋಡಸಾಕತ್ತಾರ. ಹುಗಿಯೂಮಟ ಇಲ್ಲೇ ಇರ್ತೀನಿ. ನನ್ನ ಕಣ್ಣೀಲೆ ನೋಡೇ ಬರ್ತೀನಿ.

ಅಯ್ಯಪ್ಪ


ಮಾನ್ವಿ
ತಾ. ೫-೧೧-೧೯೭೮

ಅಣ್ಣಗ ಶರಣು.

ನೋಕ್ರಿ ಹೋದದ್ದು ಅವ್ವ ಬರಿಸಿ ಕಳಿಸಿದ ಕಾರ್ಡಿನಿಂದ ತಿಳೀತು. ಗಂಜಿನ್ಯಾಗ ತೂಕದ ಕೆಲಸಕ್ಕ ನಿಂತೀಯಂತ. ನೀ ನನಗ ಬರೀಲಿಲ್ಲ. ನಾ ಸಮಾಧಾನದ ಮಾತು ಹೇಳ್ತೀನಿ ಅಂತ ಅಂಜಿದಿ ಅಂತ ಕಾಣ್ತದ. ಹೇಳಂಗಿಲ್ಲ. ನೀ ಸಹಿ ಹಾಕಿದ್ದು ಸರಿ ಆತು, ಮೇ ತಿಂಗಳದಾಗ ಕೇಳಿದ್ದರ ಇನ್ನೂ ಸರಿ ಆಗ್ತಿತ್ತು. ಎರಡೂ ಖರೆ.

ನನಗ ಹದಿನೈದು ದಿನ ಇಲ್ಲಿ ತರಬೇತಿ ಹಾಕ್ಯಾರ. ಊರು ಬಿಡೂ ಮುಂಚೆ ಕನಕರಾಯಪ್ಪ ಸಾಲಿಗೆ ಬಂದಿದ್ದ. ನಾ ಅವಗ ಎಲ್ಲಾ ಹೇಳೀನಿ, ನಿನ್ನ ಹೆಸರೂ ಹೇಳೀನಿ. "ನಿಮ್ಮ ಅಣ್ಣನ್ನ ಒಮ್ಮಿ ನೋಡಬೇಕು" ಅಂದ. ಯಾಕಂತ ಕೇಳಿದೆ. "ಸುಮ್ನೆ, ನೋಡಬೇಕು" ಅಂದ. ಅವನ ಮನಸಿನ್ಯಾಗ ಏನದ ನನಗ ತಿಳೀಲಿಲ್ಲ.

ಹೋಗು ಅಂತ ನಾ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ಹೋಗೂದಿದ್ರ ನಾ ಊರಾಗ ಇಲ್ದಾಗs ಹೋಗು. ನಾ ನಡುವ ನಿಂತ್ರ ಇಬ್ರೂ ನನ್ನ ಮುಖ ನೋಡ್ತೀರಿ.

ಗೋಪಮ್ಮ


ರಾಯಚೂರು
ತಾ. ೧೪-೧೧-೧೯೭೮

ತಂಗಿ ಗೋಪಮ್ಮಗ,

ನಿನ್ನೆ ಹೋಗಿದ್ದೆ. ಸತ್ತಾರ್ ಸಾಬ್ರು, "ನಾನೂ ಇಳಿದು ಜೋಡಿ ಬರ್ಲೇನು?" ಅಂದ್ರು. ಬ್ಯಾಡ ಅಂದೆ.

ಕನಕರಾಯಪ್ಪ ಹಟ್ಟಿ ಮುಂದ ಹರದ ಕಂಬಳಿ ಹೊಲ್ಯಾಕತ್ತಿದ್ದ. ನಾ ಹೆಸರು ಹೇಳಿದೆ. ಎದ್ದು ನಿಂತ, ಕುಂದ್ರು ಅನ್ನಲಿಲ್ಲ. ನಾನೂ ಕುಂದ್ರಲಿಲ್ಲ. ಭಾಳ ಹೊತ್ತು ನೋಡಿದ. ಬಡೀತಾನ ಅಂತ ತಯಾರಾಗಿದ್ದೆ. ಆಮ್ಯಾಲ ಒಂದs ಕೇಳಿದ:

"ಚೀಲದ ಮ್ಯಾಲ ಬರದದ್ದು ನಿನಗ ಓದಾಕ ಬರ್ತಿತ್ತೇನು?"

"ಬರ್ತಿತ್ತು" ಅಂದೆ.

ಗೋಣು ಹಾಕಿದ. ಒಳಗ ಹೋದ. ಅವನ ಹೆಂಡತಿ ಅಯ್ಯಮ್ಮ ಬಾಗಲದಾಗ ನಿಂತು ನನ್ನ ನೋಡಾಕತ್ತಿದ್ಳು. ನೀರು ಕೇಳೂ ಧೈರ್ಯ ಇರಲಿಲ್ಲ. ಅಂವ ಮಡಚಿದ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟ. ದವಾಖಾನಿಯಿಂದ ಬಿಡೂ ಮುಂದ ಡಾಕ್ಟರು ಬರದ ಕಾಗದ. ಇಂಗ್ಲಿಷಿನ್ಯಾಗ ಅದ. "ಡಾಕ್ಟರು ಲಗೂನ ಹೇಳಿದ್ರು, ನಮಗ ಅರ್ಧ ತಿಳೀಲಿಲ್ಲ. ಟೀಚರಮ್ಮನ ಮುಂದ ಹಿಡಿದ್ರ ಅಕಿ ಅಳ್ತಾಳ, ಪೂರಾ ಹೇಳಂಗಿಲ್ಲ. ನೀ ಓದು. ಏನೂ ಬಿಡಬ್ಯಾಡ" ಅಂದ.

ನನ್ನಂಗ ನೀನೂ ಬಿಟ್ಟು ಓದ್ತೀ ಅಂತ ಆಗs ನನಗ ಗೊತ್ತಾದದ್ದು.

ಓದಿದೆ. ನಡಿಗಿ ದಿನಾ ಸುಧಾರಸ್ತದ, ವರ್ಷದಾಗ ಹೆಚ್ಚು ಕಡಿಮಿ ಸರಿ ಆಗಬಹುದು. ಬಳ್ಳಿನ ಜೋಮು ಹೋದೀತು, ಹೋಗದೆಯೂ ಇದ್ದೀತು. ದೃಷ್ಟಿ ನಡುವ ಚಲೋ ಅದ, ಆದ್ರ ಎರಡೂ ಮಗ್ಗಲದ ನೋಟ ಹೋಗ್ಯದ. ಎದುರಿಗಿದ್ದದ್ದು ಕಾಣ್ತದ, ಬಾಜೂಕ ಇದ್ದದ್ದು ಕಾಣಂಗಿಲ್ಲ. ಅದು ತಿರುಗಿ ಬರೂ ಆಶಾ ಕಡಿಮಿ.

ಕನಕರಾಯಪ್ಪ, "ಅದೊಂದು ಸಾಲು ಮತ್ತ ಓದು" ಅಂದ. ಮತ್ತ ಓದಿದೆ.

ಬಂಡೆಮ್ಮ ಕಟ್ಟಿ ಮ್ಯಾಲ ಕುಂತು ಹುರದ ಅಳ್ಳಿನ ಬಟ್ಟಲ ತೊಡಿ ಮ್ಯಾಲ ಇಟಗೊಂಡು ತಿನ್ನಾಕತ್ತಿದ್ಳು. ಅಯ್ಯಮ್ಮ ಅಂದ್ಳು: "ಒಂದು ತಿಂಗಳಿಂದ ಇವರು ದಿನಾ ಕುರಿ ಹೊಡಕೊಂಡು ಬಂದು ಅಕಿ ಮಗ್ಗಲಿಗೆ ಕುಂದ್ರತಾರ, ಮೊದಲಿನಂಗ. ಅಕಿ ತಿರುಗಿನೂ ನೋಡಂಗಿಲ್ಲ. ದವಾಖಾನ್ಯಾಗ ಸೂಜಿ ಚುಚ್ಚಿಸಿದ್ದಕ್ಕ ತಮ್ಮ ಮ್ಯಾಲ ಸಿಟ್ಟು ಮಾಡ್ಯಾಳ ಅಂತಿದ್ರು."

ಕನಕರಾಯಪ್ಪ ನನ್ನ ಕೈಯಿಂದ ಕಾಗದ ಇಸಗೊಂಡು, ಮಡಚಿ ತಲಿ ಪಟಗದಾಗ ಇಟಗೊಂಡ. ಕಟ್ಟಿ ಮಟ ಹೋದ. ಮಗಳ ಮಗ್ಗಲಿಗೆ ಕುಂದ್ರಲಿಲ್ಲ. ಎದುರಿಗೆ, ಮಣ್ಣಾಗ, ಅಕಿ ಮುಖಕ್ಕ ಮುಖ ಕೊಟ್ಟು ಕುಂತ. ಬಂಡೆಮ್ಮ ತಲಿ ಎತ್ತಿ ನೋಡಿ, "ಯಪ್ಪಾ, ಯಾವಾಗ ಬಂದಿ?" ಅಂದ್ಳು.

ಅಯ್ಯಪ್ಪ